ಆ ತುದಿ ಹಿಡಿದವನು

"ಆ ತುದಿ ನೀವು ಹಿಡೀರಿ" ಅಂದಳು ಹೆಂಡತಿ.

ಅವನು ಹಿಡಿದ. ಬಿಸಿಲಿಗೆ ಹಾಕಿದ್ದ ಕೌದಿ ಅದು. ಹಳೆ ಸೀರೆಗಳ ತುಂಡು ಸೇರಿಸಿ ಅವಳೇ ಹೊಲಿದದ್ದು. ಒಬ್ಬರ ಕೈಗೆ ಮಡಚಲು ಬಾರದಷ್ಟು ಭಾರ. ಈ ಕಡೆಯ ತುದಿ ಅವಳ ಕೈಯಲ್ಲಿತ್ತು. ಇಬ್ಬರೂ ಎಳೆದು ಬಿಗಿ ಮಾಡಿದರು. ಒಮ್ಮೆ ಕೊಡವಿದರು. ಧೂಳು ಎದ್ದು ಬಿಸಿಲಲ್ಲಿ ನಿಂತಿತು.

ಧೂಳು ಇಳಿದ ಮೇಲೆ ನೋಡಿದರೆ ಅವಳು ನೆಲದ ಮೇಲೆ ಕೂತಿದ್ದಳು. ಸುಸ್ತಾಗಿರಬೇಕು ಅಂದುಕೊಂಡ. ಏಳಲಿ ಅಂತ ಕಾದ. ತುದಿ ಬಿಡಲಿಲ್ಲ. ನೆರಳು ಅಂಗಳ ದಾಟುವ ತನಕ ಹಾಗೇ ನಿಂತಿದ್ದ ಅಂತ ಆಮೇಲೆ ನೋಡಿದವರು ಹೇಳಿದರು. ಪಕ್ಕದ ಮನೆಯ ಕುಂಬಾರ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವನ ತುದಿಯನ್ನು ಕುಂಬಾರ ಕಟ್ಟೆಯ ಮೇಲಿಟ್ಟ. ಅವಳ ತುದಿ ಮಣ್ಣಿನಲ್ಲೇ ಉಳಿಯಿತು.

ಅವನು ಹಗ್ಗ ಹೊಸೆಯುವವನು. ಊರು ಅವನನ್ನು ಹಗ್ಗದವನು ಅನ್ನುತ್ತಿತ್ತು. ಹಗ್ಗ ಒಬ್ಬರಿಂದ ಆಗುವುದಿಲ್ಲ. ಒಬ್ಬರು ರಾಟೆ ತಿರುಗಿಸುತ್ತ ಕೂರಬೇಕು. ಇನ್ನೊಬ್ಬರು ಬಗಲಲ್ಲಿ ನಾರು ಇಟ್ಟುಕೊಂಡು, ಎಳೆ ಬಿಡುತ್ತ, ಹಿಂದೆ ಹಿಂದೆ ನಡೆಯಬೇಕು. ಅವಳು ತಿರುಗಿಸುತ್ತಿದ್ದಳು. ಅವನು ನಡೆಯುತ್ತಿದ್ದ. ಅವಳಿಂದ ದೂರ ಹೋದಷ್ಟೂ ಹಗ್ಗ ಉದ್ದ. ಸಂಸಾರ ಬಹುಪಾಲು ಹೀಗೇ ಕಳೆಯಿತು. ಎದುರುಬದುರು, ನಡುವೆ ಒಂದು ಹುರಿ. ಮಾತು ಕಡಿಮೆ. ಅವಳು ಕೈ ನಿಲ್ಲಿಸಿದರೆ ಇವನ ಬೆರಳಿಗೆ ಗೊತ್ತಾಗುತ್ತಿತ್ತು.

ಆ ಊರಿಗೆ ಹೆಸರಿತ್ತೋ ಇಲ್ಲವೋ, ಕಟ್ಟಳೆ ಮಾತ್ರ ಒಂದಿತ್ತು. ಕಡಿದದ್ದನ್ನು ಹಾಗೇ ಬಿಡಬಾರದು. ಹೊತ್ತು ಮುಳುಗುವುದರೊಳಗೆ ಕಡಿದ ಅಂಚಿಗೆ ಅಂಚು ಕೂಡಿಸಬೇಕು. ಬೇಲಿ ಕಡಿದರೆ ಬೇಲಿ, ಬಟ್ಟೆ ಹರಿದರೆ ಬಟ್ಟೆ. ಕಡಿದ ಅಂಚಿಗೆ ಅವರು ಬಾಯಿ ಅನ್ನುತ್ತಿದ್ದರು, ಅದನ್ನು ಮುಚ್ಚುವುದಕ್ಕೆ ಮುಚ್ಚಳ. ಎರಡು ಕಡೆ ಮುಚ್ಚಳ ತೆಗೆದರೆ ಎರಡು ಬಾಯಿ ಆಗುತ್ತವೆ. ಎರಡು ಬಾಯಿಗೆ ನಡುವೆ ಒಂದು ಕೊಳವೆ ಕೂಡುತ್ತದೆ. ಆ ಕೊಳವೆ ಕಡಿದು ತೆಗೆದರೆ ಮತ್ತೆ ಎರಡು ಬಾಯಿ. ಅವಕ್ಕೆ ಎರಡು ಮುಚ್ಚಳ ಕೂಡುತ್ತವೆ. ಬೇರೆ ಏನು ತಂದಿಟ್ಟರೂ ಕೂಡುವುದಿಲ್ಲ. ಊರಿನವರಿಗೆ ತಿಳಿದ ವಿದ್ಯೆ ಇಷ್ಟೇ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಎಲೆಯ ತುದಿಯ ಹನಿ ನೋಡಿ ಕಲಿತರು. ಹನಿ ಜೋತು ಬೀಳುತ್ತದೆ, ಕುತ್ತಿಗೆ ಸಣ್ಣಗಾಗುತ್ತದೆ, ಕುತ್ತಿಗೆ ಕಡಿಯುತ್ತದೆ. ಮೇಲಿನ ಬಾಯಿ ಮುಚ್ಚಿಕೊಳ್ಳುತ್ತದೆ, ಕೆಳಗಿನ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ನೀರು ಎರಡು ನೀರಾಗುತ್ತದೆ. ಗಾಯ ಇಲ್ಲ.

ಊರಿಗೆಲ್ಲ ಕೂಡಿಸುವವಳು ಒಬ್ಬಳೇ. ಮುದುಕಿ. ಎಲ್ಲರಿಗೂ ಆಯಿ. ಅವಳ ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ. ಹೆರಿಗೆ ಮಾಡಿಸುವವಳೂ ಅವಳೇ. ಹೊಕ್ಕುಳಬಳ್ಳಿ ಕಡಿದು ಈಚೆಯ ಬಾಯಿ, ಆಚೆಯ ಬಾಯಿ ಎರಡನ್ನೂ ಮುಚ್ಚುವಳು. ಆಮೇಲೆ ಕೂಸಿನ ಸೊಂಟಕ್ಕೆ ತುದಿಯೇ ಇಲ್ಲದ ಒಂದು ಹಗ್ಗ ಹಾಕುವಳು. ಅದಕ್ಕೆ ಸುತ್ತು ಅನ್ನುತ್ತಿದ್ದರು. ಗಂಟು ಹಾಕುವ ಹಾಗಿಲ್ಲ. ಎಳೆ ಬಿಚ್ಚಿ, ಎಳೆಗೆ ಎಳೆ ಹೆಣೆದು, ಎಲ್ಲಿ ಕೂಡಿತು ಅಂತ ಬೆರಳಿಗೆ ಸಿಗದಂತೆ ಕೂಡಿಸಬೇಕು. ಕೂಸು ಬೆಳೆದಂತೆ ಒಂದೊಂದು ತುಂಡು ಸೇರಿ ಸುತ್ತೂ ಬೆಳೆಯುತ್ತಿತ್ತು.

ಮದುವೆ ಅಂದರೆ ಎರಡು ಸುತ್ತು ಒಂದು ಮಾಡುವುದು. ಗಂಡಿನ ಸುತ್ತು, ಹೆಣ್ಣಿನ ಸುತ್ತು ಪಕ್ಕಪಕ್ಕ ಇಟ್ಟು, ತಾಗಿದ ಜಾಗದಲ್ಲಿ ಎರಡನ್ನೂ ಕಡಿಯುವರು. ನಾಲ್ಕು ತುದಿ ಏಳುತ್ತವೆ. ಇವನ ತುದಿಗೆ ಅವಳದು, ಅವಳ ಇನ್ನೊಂದು ತುದಿಗೆ ಇವನದು. ಎದ್ದು ನಿಂತರೆ ಒಂದೇ ದೊಡ್ಡ ಸುತ್ತು, ಒಳಗೆ ಇಬ್ಬರು. ಇವನ ಸುತ್ತು ಕತ್ತಾಳೆ ನಾರಿನದು. ಅವಳದು ಪುಂಡಿ ನಾರಿನದು, ಮೆತ್ತಗೆ. ಎಲ್ಲರೂ ಅಕ್ಕಿ ಹಾಕುತ್ತಿದ್ದಾಗ ಅವಳು ತಲೆ ಎತ್ತದೆ ಅಂದಿದ್ದಳು: "ನಿಮ್ಮ ಹಗ್ಗ ಬಾಳ ಒರಟು ಐತ್ರಿ. ಸೊಂಟ ಕಡಿತೈತಿ." ಅವನು ಅವತ್ತು ನಕ್ಕದ್ದು ಊರಿಗೆಲ್ಲ ಕಂಡಿತ್ತು. ವರ್ಷ ಹೋದಂತೆ ಸುತ್ತೆಲ್ಲ ಸವೆದು ನುಣ್ಣಗಾಯಿತು. ಯಾವ ಕಡೆ ಯಾರದು ಅಂತ ಅವರಿಗೇ ಗೊತ್ತಾಗದಂತೆ ಆಯಿತು.

ಸಾವು ಅಂದರೆ ಒಂದು ಸುತ್ತು ಎರಡು ಮಾಡುವುದು. ನಡುವೆ ಹಿಸುಕಿ, ಕಡಿದು, ಇವನದು ಇವನಿಗೆ, ಅವಳದು ಅವಳಿಗೆ ಕೂಡಿಸುವರು. ದೇಹ ಮಣ್ಣಿಗೆ, ಸುತ್ತು ಆ ಹೊತ್ತಿಗೆ ಕೆರೆಯಲ್ಲಿ ತೆರೆಯುವ ಸುಳಿಗೆ. ಉಳಿದವರು ತಮ್ಮ ಸುತ್ತು ಹಾಕಿಕೊಂಡು ಮನೆಗೆ.

ಹಗ್ಗದಲ್ಲಿ ಏನಾಗುತ್ತದೋ ಅದೇ ಕೆರೆಯಲ್ಲೂ ಆಗುತ್ತಿತ್ತು, ಗಾಳಿಯಲ್ಲೂ ಆಗುತ್ತಿತ್ತು. ಹಗ್ಗ ಕೆರೆ ನೋಡಿ ಕಲಿತಿತೋ, ಕೆರೆ ಹಗ್ಗ ನೋಡಿ ಕಲಿತಿತೋ, ಯಾರೂ ಹೇಳಲಿಲ್ಲ.

ಅವಳ ದೇಹ ಮಣ್ಣಿಗಿಟ್ಟ ದಿನ ಕೆರೆಯ ಏರಿಯ ಮೇಲೆ ಎಲ್ಲರೂ ಸೇರಿದರು. ಅವಳ ಕಡೆಯಿಂದ ತುದಿ ಹಿಡಿಯಲು ಅವಳ ತಮ್ಮ ಬಂದಿದ್ದ. ಆಯಿ ನಡುವೆ ಕೂತು ಸುತ್ತನ್ನು ಹಿಸುಕಿ ಹಿಡಿದು ಕುಡುಗೋಲಿನಿಂದ ಕಡಿದಳು. ನಾಲ್ಕು ತುದಿ. ಹಗ್ಗದವನ ಕೈಯಲ್ಲಿ ಎರಡು, ಅವಳ ತಮ್ಮನ ಕೈಯಲ್ಲಿ ಎರಡು.

"ನಿನ್ನವು ಎರಡೂ ನನ್ನ ಅಂಗೈಗೆ ಇಡು ತಮ್ಮಾ" ಅಂದಳು ಆಯಿ, ಹಗ್ಗದವನಿಗೆ.

ಅವಳ ತಮ್ಮ ಕಣ್ಣು ಮುಚ್ಚಿ ಅಳುತ್ತಿದ್ದ. ಹಗ್ಗದವನ ಕೈ ಅಡ್ಡ ಹೋಯಿತು. ತನ್ನದೊಂದು ತುದಿ ಇಟ್ಟ. ಅದರ ಪಕ್ಕಕ್ಕೆ ಅವಳ ತಮ್ಮನ ಕೈಯಿಂದ ಒಂದು ತುದಿ ತೆಗೆದು ಇಟ್ಟ. ಆಯಿಯ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಹೆಣೆಯಿತು. ಉಳಿದೆರಡನ್ನೂ ಹೆಣೆಯಿತು.

ಆದದ್ದು ಎರಡು ಸುತ್ತಲ್ಲ. ನಡುವೆ ಒಮ್ಮೆ ತಿರುಚಿದ ಒಂದೇ ಸುತ್ತು. ತಿರುಚಿದ ಜಾಗ ಅವನ ಮುಷ್ಟಿಯಲ್ಲಿತ್ತು. ಮುಷ್ಟಿಯ ಈಚೆ ಒಂದು ಬಳಸು, ಆಚೆ ಒಂದು ಬಳಸು ಇಳಿಬಿದ್ದಿದ್ದವು. ನೋಡಿದವರ ಲೆಕ್ಕಕ್ಕೆ ಎರಡು.

ಸುತ್ತು ಬಿಡುವಾಗ ಬಿಡುವವನೊಬ್ಬನೇ ಕೆರೆ ನೋಡಬೇಕು. ಮಿಕ್ಕವರು ಬೆನ್ನು ಹಾಕಿ ನಿಲ್ಲಬೇಕು. ಎಲ್ಲರೂ ಬೆನ್ನು ಹಾಕಿದರು. ಅವನು ನೀರಿನ ಅಂಚಿಗೆ ಇಳಿದ.

ಸುಳಿ ತೆರೆಯಿತು. ಮೇಲಿನ ನೀರು ತಗ್ಗಿ ಕೆಳಗೆ ಹೊರಟಿತು. ತಳದಿಂದ ಕೆಸರಿನ ಒಂದು ಬೆರಳು ಎದ್ದು ಮೇಲೆ ಬಂತು. ನಡುವೆ ಎಲ್ಲೋ ಎರಡೂ ಮುಟ್ಟಿದವು. ಕೆರೆಯ ನಡುವೆ ಆರಪಾರ ಒಂದು ಕೊಳವೆ ನಿಂತಿತು. ಹೆಂಡತಿ ಉದ್ದಿನ ವಡೆ ತಟ್ಟುವಾಗ ಹೇಳುತ್ತಿದ್ದದ್ದು ನೆನಪಾಯಿತು: "ಒಂದ ಕಡೆ ಒತ್ತಿದ್ರ ಗುಳಿ ಬೀಳ್ತೈತಿ. ಎರಡೂ ಕಡೆ ಒತ್ತಿದ್ರ ದಾರಿ ಬೀಳ್ತೈತಿ." ಹೆಬ್ಬೆರಳು ಮೇಲಿಂದ, ನಡುಬೆರಳು ಕೆಳಗಿಂದ. ವಡೆ ತಟ್ಟಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ಅವನು ಸುತ್ತನ್ನು ತಿರುಚಿದ ಕಡೆ ಮಡಚಿದ. ಒಂದರ ಮೇಲೊಂದು ಕೂತು ಒಂದೇ ಸುತ್ತಿನ ಹಾಗೆ ಕಂಡಿತು. ಸೊಂಟಕ್ಕೆ ಹಾಕಿಕೊಂಡ. ದಡದಿಂದ ಒಂದು ಮಣ್ಣಿನ ಹೆಂಟೆ ಎತ್ತಿ ಸುಳಿಗೆ ಎಸೆದ. ಡುಬುಕ್ ಅಂತು.

"ಆತೇನೋ?" ಅಂತ ಬೆನ್ನು ಹಾಕಿದವರಲ್ಲೊಬ್ಬರು ಕೇಳಿದರು.

"ಆತ್ರಿ."

ಎಲ್ಲರೂ ಮನೆಗೆ ಹೋದರು. ಸುಳಿ ಮುಚ್ಚಲಿಲ್ಲ. ಬರಬೇಕಾದದ್ದು ಬರಲಿ ಅಂತ ಬಾಯಿ ತೆರೆದುಕೊಂಡು ತಿರುಗುತ್ತಲೇ ಇತ್ತು.

ಅವನು ಮನೆಯಲ್ಲಿ ಕೂತ. ಕೂತೇ ಇದ್ದ. ಸೊಂಟದಲ್ಲಿ ಎರಡು ಬಳಸು ಭಾರ. ಆ ಭಾರ ಹಿತವಾಗಿತ್ತು. ರಾಟೆಯ ಕಡೆ ನೋಡಲಿಲ್ಲ. ಅಂಗಳದ ಕೌದಿ ಅಂಗಳದಲ್ಲೇ ಇತ್ತು. ತೆಗೆಯಲು ಬಂದವರನ್ನು ಕೈಯಾಡಿಸಿ ಕಳಿಸಿದ. ಹಿಡಿ ಅಂದಿದ್ದಳು. ಹಿಡಿದಿದ್ದೇನೆ. ಅವನ ತಲೆಯಲ್ಲಿ ಇದ್ದದ್ದು ಇಷ್ಟೇ.

ಊರಿನಲ್ಲಿ ಯಾವುದೂ ಯಾವುದರಿಂದಲೂ ಬೇರೆಯಾಗುವುದು ನಿಂತುಹೋಯಿತು.

ಮೊದಲು ಹನಿ. ಸೂರಿನ ಹನಿ ಜೋತುಬಿದ್ದು, ಕುತ್ತಿಗೆ ಉದ್ದವಾಗಿ, ನೆಲ ಮುಟ್ಟಿದರೂ ಕಡಿಯಲಿಲ್ಲ. ಬೇವಿನ ಹಣ್ಣು ಕೊಳೆತರೂ ತೊಟ್ಟು ಬಿಡಲಿಲ್ಲ. ಕೋಳಿ ಮೊಟ್ಟೆ ಇಡಲು ಕೂತು ಕೂತು ಎದ್ದು ಹೋಯಿತು. ಊರಾಚೆ ಒಂದು ಸುಂಟರಗಾಳಿ ಹುಟ್ಟಿತು. ಮೇಲಿಂದ ಮೋಡದ ಸೊಂಡಿಲು, ಕೆಳಗಿಂದ ಧೂಳಿನ ಕಂಬ, ನಡುವೆ ಕೂಡಿಕೊಂಡವು. ಕೂಡಿದ್ದು ಬಿಡಿಸಿಕೊಳ್ಳಲಿಲ್ಲ. ಗದ್ದಲವಿಲ್ಲದೆ, ದಣಿದ ಎತ್ತು ಗಾಣ ತಿರುಗುವ ಹಾಗೆ, ಅಲ್ಲೇ ತಿರುಗುತ್ತ ನಿಂತಿತು.

ಬಾವಿಕಟ್ಟೆಯಲ್ಲಿ ಹೆಂಗಸರು ಮಾತಾಡುತ್ತಿದ್ದದ್ದು ಅವನಿಗೆ ಕೇಳುತ್ತಿತ್ತು.

"ಹಿಟ್ಟು ನಾದಿದ್ದಾತು, ಉಂಡಿ ಮುರಿಯಾಕ ಬರವಲ್ದು. ಎಳದಷ್ಟೂ ಬರ್ತೈತಿ, ಬಿಡವಲ್ದು."

"ಹಂಗಾರ ಊರಿಗೆಲ್ಲ ಕೂಡಿ ಒಂದ ರೊಟ್ಟಿ ಬಡಿಯೂಣು ಬಿಡು."

"ಅಷ್ಟು ದೊಡ್ಡ ಹಂಚು ಎಲ್ಲಿಂದ ತರ್ತಿ? ನಿಮ್ಮ ಮಾವನ ಬೋಳು ತಲೀನಾ?"

ನಕ್ಕರು. ಆಮೇಲೆ ಕೊಡ ಎತ್ತಲು ಹೋದರೆ ಬಾವಿಯ ನೀರು ಕೊಡದ ಬೆನ್ನಿಗೆ ಅಂಟಿಕೊಂಡೇ ಬಂತು. ನಗು ನಿಂತಿತು.

ಕುಂಬಾರ ಅವನ ಕಟ್ಟೆಗೆ ಬಂದು ಕೂತ. ಸಣ್ಣ ವಯಸ್ಸಿನವನು. ಮನೆಯಲ್ಲಿ ಚೊಚ್ಚಲ ಬಸುರಿ ಹೆಂಡತಿ. ಹಗ್ಗದವನ ಹೆಂಡತಿ ಬದುಕಿದ್ದಾಗ ಆ ಹುಡುಗಿಗೆ ಹುಳಿ, ಉಪ್ಪಿನಕಾಯಿ ಅಂತ ದಿನಾ ಏನಾದರೂ ಗೋಡೆಯ ಮೇಲಿಂದ ದಾಟಿಸುತ್ತಿದ್ದಳು.

"ಗಡಿಗಿ ಬಿಡವಲ್ದು ಕಾಕಾ" ಅಂದ. "ತಿಗರಿ ಮ್ಯಾಲಿನ ಮಣ್ಣಿಂದ ದಾರ ಹಾಕಿ ಕಡಿತೀನಿ. ದಾರ ದಾಟತೈತಿ. ದಾರದ ಹಿಂದ ಮಣ್ಣು ಕೂಡಿಬಿಡ್ತೈತಿ. ಕಡದದ್ದ ಸುಳ್ಳು ಅಂದಂಗ."

"ಮಣ್ಣು ಹಸಿ ಇರಬೇಕು."

"ಹಂಗ ಹೇಳ್ರಿ. ನಿಮಗ ಹಗ್ಗ, ನಮಗ ಮಣ್ಣು. ನಾ ಹಗ್ಗದ ಸುದ್ದಿಗೆ ಬಂದೀನೇನು?" ಕುಂಬಾರ ಎದ್ದು ಧೂಳು ಕೊಡವಿಕೊಂಡ. ಧೂಳು ಧೋತರ ಬಿಡಲಿಲ್ಲ. "ಅಕಿಗೆ ದಿನ ತುಂಬೇತಿ. ಅದ ಚಿಂತಿ."

ಹಗ್ಗದವನು ಸೊಂಟದ ಸುತ್ತು ನೋಡಿಕೊಂಡ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದು ನಿಲ್ಲುವಷ್ಟು ಕಸುವು ಇರಲಿಲ್ಲ. ಸತ್ತದ್ದಕ್ಕಿಂತ ಸತ್ತ ಮೇಲಿನ ಕೆಲಸವೇ ದೊಡ್ಡದು ಅನ್ನಿಸುತ್ತಿತ್ತು. ಸುತ್ತಿನ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿದ.

ಬೆಳಗಾಗುತ್ತ ಕುಂಬಾರನ ಹೆಂಡತಿಗೆ ಬ್ಯಾನೆ ಶುರುವಾಯಿತು. ಗೋಡೆಯಾಚೆ ಆಯಿ ಬಂದದ್ದು, ನೀರು ಕಾಯಿಸಿದ್ದು, ಬಾಗಿಲಿಗೆ ಸೀರೆ ಕಟ್ಟಿದ್ದು ಎಲ್ಲ ಕೇಳಿಸಿತು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಆ ಹುಡುಗಿ ಕೂಗುವುದು ಬಿಟ್ಟು ನರಳತೊಡಗಿದಳು. ಆಮೇಲೆ ನರಳುವುದೂ ಸಣ್ಣಗಾಯಿತು. ಕುಂಬಾರ ಓಡಿ ಬಂದ.

"ಕಾಕಾ, ಒಂದು ಹಗ್ಗ ಕೊಡ್ರಿ. ಹಿಡಕೊಂಡು ಜಗ್ಗಾಕ. ಆಯಿ ತಾ ಅಂದ್ಲು."

ಹೆರುವವಳಿಗೆ ಹಿಡಿದು ಜಗ್ಗಲು ಹಗ್ಗ ಕೊಡುವುದು ಆ ಕೇರಿಯಲ್ಲಿ ಹಗ್ಗದವನ ಮನೆಯ ಕೆಲಸ. ಅವನು ಅಟ್ಟದ ಕಡೆ ನೋಡಿದ. ಅವಳು ಹೋದ ಮೇಲೆ ಒಂದು ಮೊಳ ಹೊಸೆದಿರಲಿಲ್ಲ. ಹಳೆಯವು ಒಂದಕ್ಕೊಂದು ಅಂಟಿ ಕಟ್ಟಿಗೆಯ ಹಾಗೆ ಬಿದ್ದಿದ್ದವು.

ಕುಂಬಾರನ ಕಣ್ಣು ಅವನ ಸೊಂಟಕ್ಕೆ ಬಿತ್ತು. "ಅದನ್ನ ಕೊಡ್ರಿ."

"ಇದು ನನ್ನ ಸುತ್ತು."

"ಜಗ್ಗಿ ಹೊಳ್ಳಿ ಕೊಡ್ತಾಳ್ರಿ ಕಾಕಾ. ತಿಂತಾಳೇನು?"

ಅವನು ಅಲುಗಲಿಲ್ಲ. ಕುಂಬಾರ ಸ್ವಲ್ಪ ಹೊತ್ತು ನಿಂತ. ಮುಖ ಸೋತಿತ್ತು. ಬೈಯಲೂ ಇಲ್ಲ. ತಿರುಗಿ ಹೋದ.

ಅವನ ಹಿಂದೆಯೇ ಆಯಿ ಬಂದಳು. ಗೋಡೆ ಹಿಡಿದುಕೊಂಡು ಬಂದು ಅವನೆದುರು ಕೂತಳು. ಏನೂ ಕೇಳದೆ ಕೈ ಚಾಚಿ ಅವನ ಸೊಂಟದ ಹಗ್ಗ ಮುಟ್ಟಿದಳು. ಬೆರಳು ಹಗ್ಗದ ಮೇಲೆ ನಡೆಯಿತು. ಸೊಂಟ ಬಳಸಿ ಹೋಗಿ ಹೊರಟ ಜಾಗಕ್ಕೆ ಬಂತು. ಆದರೆ ಸುತ್ತು ಮುಗಿದಿರಲಿಲ್ಲ. ಮತ್ತೆ ಬಳಸಿತು. ಆಗ ಮುಗಿಯಿತು.

"ಎರಡು ಬಳಸು ಹೋತು. ಹಗ್ಗ ಒಂದ ಐತಿ" ಅಂದಳು.

ಅವನು ನೆಲ ನೋಡಿದ.

"ಅವತ್ತ ಗೊತ್ತಾಗಿತ್ತು ನನಗ. ಎರಡು ತುದಿ ಕೊಟ್ಟಿ. ಒಂದು ನಿನ್ನ ಕೈಯಿಂದ ಬೆಚ್ಚಗಿತ್ತು. ಒಂದು ಅಕಿ ತಮ್ಮನ ಕಣ್ಣೀರಿಗೆ ಹಸಿಯಾಗಿತ್ತು."

"ಮತ್ತ ಯಾಕ ಸುಮ್ಮನಿದ್ದಿ ಆಯಿ?"

"ನಾ ಕೂಡಿಸಾಕಿ. ಕಸಗೊಳ್ಳಾಕಿ ಅಲ್ಲ. ಹಿಡದವರ ಕೈಯಿಂದ ಕಸಗೊಂಡು ಕಡದ್ರ ಅದು ಬರೇ ಕಡದದ್ದು ಅಕ್ಕೈತಿ. ಅಂಚು ಕೂಡಂಗಿಲ್ಲ." ಮುದುಕಿ ಉಸಿರು ಬಿಟ್ಟಳು. "ಇಷ್ಟು ದಿನಕ್ಕ ನೀನ ಬರ್ತಿ ಅಂದುಕೊಂಡಿದ್ದೆ. ನೀ ಬರಲಿಲ್ಲ. ಈಗ ಆ ಹುಡುಗಿ ಒಳಗ ಗರ್ಭದ ಕುತ್ತಿಗಿ ಬಿಡವಲ್ದು. ಕೂಸು ಬಾಗಿಲತನಕ ಬಂದು ಹಿಂದಕ್ಕ ಹೊಕ್ಕೈತಿ. ಹೊತ್ತು ಮುಳುಗಿದ್ರ ತಾಯಿನೂ ಇಲ್ಲ, ಕೂಸೂ ಇಲ್ಲ."

"ನನ್ನಾಕಿ ಹಿಡಿ ಅಂದಾಳ ಆಯಿ."

"ಏನ್ ಹಿಡಿ ಅಂದ್ಲು?"

"ಕೌದಿ ತುದಿ."

ಆಯಿ ಅಂಗಳದ ಕಡೆ ಮುಖ ತಿರುಗಿಸಿದಳು, ಕಂಡವಳ ಹಾಗೆ. "ಕೌದಿ ಇಬ್ಬರು ಹೆಂಗ ಮಡಚತಾರ?"

ಇದೇನು ಕೇಳುತ್ತಾಳೆ ಅನ್ನಿಸಿತು. ಹೇಳಿದ. "ಜಗ್ಗಿ ಹಿಡಿಯೂದು. ಕೊಡವೂದು. ಆಮ್ಯಾಲ ಒಬ್ಬರು ನಡಕೋತ ಬಂದು ತಮ್ಮ ತುದಿ ಇನ್ನೊಬ್ಬರ ಕೈಗೆ ಕೊಡೂದು."

"ಕೊಟ್ಟವರು ಮುಂದ ಏನ್ ಮಾಡ್ತಾರ?"

"ಕೆಳಗ ಬಿದ್ದ ಮಡಿಕಿ ಎತ್ತತಾರ."

"ತುದಿ ಬಿಡದ ಎತ್ತಾಕ ಬರತೈತೇನು?"

ಗೋಡೆಯಾಚೆ ನರಳುವುದು ನಿಂತು, ಮತ್ತೆ ಶುರುವಾಯಿತು. ಅವನು ಗೋಡೆ ಹಿಡಿದು ಎದ್ದ. ಮೊಣಕಾಲು ಸದ್ದು ಮಾಡಿತು.

"ಅಕಿ ಕಡೆಯಿಂದ ಹಿಡಿಯಾವರು ಯಾರು? ಅಕಿ ತಮ್ಮ ಊರಿಗೆ ಹೋಗ್ಯಾನ."

"ಹಿಡಿಯಾಕಿ ಒಳಗದಾಳ ಬಾ" ಅಂದಳು ಆಯಿ.

ಹೆರಿಗೆ ಮನೆಯ ಒಳಗೆ ಗಂಡಸರು ಹೋಗುವ ಹಾಗಿಲ್ಲ. ಅವನು ಬಾಗಿಲ ಹೊರಗೆ, ಸೀರೆಯ ಮರೆಗೆ ಬೆನ್ನು ಮಾಡಿ, ಹೊಸ್ತಿಲ ಕಲ್ಲಿಗೆ ಕಾಲು ಊರಿ ಕೂತ. ಸೊಂಟದಿಂದ ಸುತ್ತು ಬಿಚ್ಚಿದ. ಮಡಿಕೆ ಬಿಡಿಸಿದ. ತಿರುಚಿದ್ದು ಅರಳಿ ಒಂದೇ ದೊಡ್ಡ ಸುತ್ತಾಯಿತು. ಮದುವೆಯ ದಿನ ಇಬ್ಬರು ಒಳಗೆ ನಿಂತಿದ್ದಷ್ಟೇ ಅಗಲ. ಒಂದು ಕಡೆ ತನ್ನ ಬೆನ್ನಿಗೆ ಹಾಕಿಕೊಂಡ. ಇನ್ನೊಂದು ಕಡೆಯನ್ನು ಆಯಿ ಸೀರೆಯ ಮರೆಯಿಂದ ಒಳಗೆ ಎಳೆದುಕೊಂಡಳು. ಮುದುಕಿ ನಡುವೆ ಹೊಸ್ತಿಲ ಮೇಲೆ ಕೂತಳು.

ಒಳಗಿನಿಂದ ಜಗ್ಗಿದರು.

ಅವನ ಬೆನ್ನು ಅದಿರಿತು. ಆ ತುದಿಯಲ್ಲಿ ಯಾರೋ ಇದ್ದರು. ಎಷ್ಟೋ ದಿನದ ಮೇಲೆ ಆ ತುದಿಯಲ್ಲಿ ಯಾರೋ ಇದ್ದರು. ಜಗ್ಗುವುದು ಬಂತು, ಸಡಿಲಾಯಿತು, ಮತ್ತೆ ಬಂತು. ರಾಟೆ ತಿರುಗಿ ತಿರುಗಿ ಹುರಿ ಏರುವಾಗ ಹೀಗೇ ಬರುತ್ತಿತ್ತು. ಬೆನ್ನ ಹಿಂದೆ ಇರುವುದು ಯಾರು ಅಂತ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಕೂತ. ತಿರುಗಿ ನೋಡಲಿಲ್ಲ.

"ಬಿಗಿ ಹಿಡೀರಿ ಕಾಕಾ" ಅಂತು ಒಳಗಿನ ದನಿ, ಬಸವಳಿದ ದನಿ.

"ಹಿಡದೀನವ್ವಾ."

ಹೊತ್ತು ಕೆಂಪಾಯಿತು. ಅಂಗಳದಲ್ಲಿ ಕುಂಬಾರ ತಿಗರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಲ ಗೀರುತ್ತಿದ್ದ. ಊರಾಚೆಯ ಗಾಳಿಕಂಬ ತಿರುಗುತ್ತಲೇ ಇತ್ತು.

"ತಮ್ಮಾ" ಅಂದಳು ಆಯಿ. ಅವಳ ಕೈಯಲ್ಲಿ ಸುತ್ತಿನ ಎರಡು ಎಳೆ ಹತ್ತಿರ ಬಂದಿದ್ದವು, ಕುತ್ತಿಗೆಯ ಹಾಗೆ. "ನಾ ಕಸಗೊಳ್ಳಂಗಿಲ್ಲ. ನೀನ ಹೇಳಬೇಕು."

ಇನ್ನೊಮ್ಮೆ ಜಗ್ಗಲಿ ಅಂತ ಅವನು ಕಾದ. ಇನ್ನೊಮ್ಮೆ ಜಗ್ಗಿತು. ಮೊದಲಿಗಿಂತ ಸಣ್ಣಗೆ. ಆ ಸಣ್ಣದು ಅವನಿಗೆ ಗುರುತಿತ್ತು. ಕೌದಿಯ ತುದಿಯಲ್ಲೂ ಕಡೆಗೆ ಹಾಗೇ ಬಂದಿತ್ತು.

"ಕಡಿ ಆಯಿ" ಅಂದ.

ಕುಡುಗೋಲು ಹಗ್ಗ ದಾಟಿತು. ಬೆನ್ನ ಮೇಲಿನ ಬಿಗಿ ಒಮ್ಮೆಗೇ ಹೋಯಿತು. ಅವನು ಮುಂದಕ್ಕೆ ಮುಗ್ಗರಿಸಿ ನೆಲಕ್ಕೆ ಕೈ ಊರಿದ. ಏಳಲು ತುಸು ಹೊತ್ತು ಹಿಡಿಯಿತು. ಎದ್ದು ತನ್ನ ಕಡೆಯ ಎರಡು ತುದಿ ಹುಡುಕಿ, ಎರಡನ್ನೂ ಒಟ್ಟು ಮಾಡಿ, ಹಿಂದಕ್ಕೆ ಕೈ ಮಾಡಿ ಆಯಿಯ ಅಂಗೈಗೆ ಇಟ್ಟ. ಈ ಸಲ ಕೈ ಅಡ್ಡ ಹೋಗಲಿಲ್ಲ. ಆ ಹುಡುಗಿಯ ಕಡೆಯ ಎರಡು ತುದಿ ಆಯಿಯ ಇನ್ನೊಂದು ಕೈಗೆ ಬಂದವು. ಬೆರಳುಗಳು ಹೆಣೆದವು.

"ಹಳೇ ಕೂಡಿಕಿ ಎಲ್ಲೈತಿ ಅಂತ ಸಿಗಲಿಲ್ಲ" ಅಂದಳು ಮುದುಕಿ ಹೆಣೆಯುತ್ತ. "ಎಲ್ಲಿ ಕುತ್ತಿಗಿ ಬಂತೋ ಅಲ್ಲೇ ಕಡದೀನಿ. ಅಕಿದು ಒಂದಿಷ್ಟು ನಿನ್ನ ಕಡೆ ಬಂದೈತಿ. ನಿಂದು ಒಂದಿಷ್ಟು ಅಕಿ ಕಡೆ ಹೋಗೈತಿ. ಯಾವಾಗಲೂ ಹಂಗ. ತಂದದ್ದನ್ನ ಹಂಗ ಹೊಳ್ಳಿ ಒಯ್ದವರನ್ನ ನಾ ನೋಡಿಲ್ಲ."

ಎರಡು ಸುತ್ತಾದವು. ಒಂದನ್ನು ಅವನ ಸೊಂಟಕ್ಕೆ ಹಾಕಿದಳು. ಒಂದೇ ಬಳಸು. ಹಗುರ. ಇನ್ನೊಂದನ್ನು ಅವನ ಕೈಗೆ ಕೊಟ್ಟಳು.

"ಹೋಗು. ಸುಳಿ ಕಾಯಾಕತ್ತೇತಿ. ನಾ ಒಳಗ ನೋಡ್ತೀನಿ."

ಅವನು ಏರಿ ಹತ್ತಿ ಇಳಿದ. ಈ ಸಲ ಬೆನ್ನು ಹಾಕಿ ನಿಲ್ಲುವವರು ಯಾರೂ ಇರಲಿಲ್ಲ. ಸುಳಿ ತಿರುಗುತ್ತಿತ್ತು. ತಿರುಗಿ ತಿರುಗಿ ಅದಕ್ಕೂ ಸಾಕಾದ ಹಾಗಿತ್ತು. ಅವನು ಅವಳ ಸುತ್ತನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಬೆರಳಿನಿಂದ ಸುತ್ತಲೂ ತಡವಿದ. ಅಷ್ಟು ಸವೆದರೂ ಒಂದು ಜಾಗದಲ್ಲಿ ಒರಟಾಗಿ ಕತ್ತಾಳೆ ನಾರು ಚುಚ್ಚಿತು.

"ಸೊಂಟ ಕಡಿತೈತಿ" ಅಂದ, ನೀರಿಗೆ. "ತಡಕೋ."

ಬಿಟ್ಟ.

ಸುತ್ತು ನೀರಿನ ಮೇಲೆ ಅಗಲವಾಗಿ ಕೂತಿತು. ಒಮ್ಮೆ ತಿರುಗಿತು, ಇಳಿಯಿತು. ಕೊಳವೆ ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು. ನಡುವೆ ಕಡಿಯಿತು. ಮೇಲಿನ ನೀರು ಮೇಲೆ ಮುಚ್ಚಿಕೊಂಡಿತು. ತಳದ ಕೆಸರು ತಳದಲ್ಲಿ ಮುಚ್ಚಿಕೊಂಡಿತು. ಕೆರೆ ಸಪಾಟಾಯಿತು. ಎಲ್ಲಿತ್ತು ಅಂತ ತೋರಿಸಲೂ ಬರದಂತೆ ಆಯಿತು.

ಊರಾಚೆಯ ಕಂಬ ನಡುವಿಗೆ ತೆಳುವಾಗಿ ಎರಡಾಯಿತು. ಮೇಲಿನದು ಮೋಡಕ್ಕೆ ಹೋಯಿತು, ಕೆಳಗಿನದು ಧೂಳಾಗಿ ಕೂತಿತು. ಅವನು ಏರಿ ಹತ್ತುವಾಗ ಎಲೆಗಳಿಂದ ಹನಿ ಬೀಳುತ್ತಿದ್ದವು, ಒಂದೊಂದಾಗಿ. ಕೊಳೆತ ಬೇವಿನ ಹಣ್ಣು ತಲೆಯ ಮೇಲೆ ಬಿದ್ದವು. ಒರೆಸಿಕೊಳ್ಳಲಿಲ್ಲ.

ಕೇರಿಯ ತುದಿಗೆ ಬರುವಾಗ ಕೂಸು ಅತ್ತಿತು. ಅವನು ನಿಂತ. ಇನ್ನೊಮ್ಮೆ ಅತ್ತ ಮೇಲೆ ನಡೆದ. ಕುಂಬಾರನ ಅಂಗಳದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಆಯಿ ಕೈ ತೊಳೆಯುತ್ತ ಕೂತಿದ್ದಳು.

"ಹೆಣ್ಣು" ಅಂದಳು. "ತಾಯಿ ಉಳದ್ಲು. ಹೊಕ್ಕುಳ ಮುಚ್ಚೀನಿ. ಸೊಂಟಕ್ಕ ಹಾಕಾಕ ಹಗ್ಗಿಲ್ಲ. ಮೊಳ ಇದ್ರ ಸಾಕು. ಪುಂಡಿದ ಮಾಡು, ಮೆತ್ತಗಿರಲಿ."

"ರಾಟಿ ತಿರವಾವರು ಬೇಕು" ಅಂದ ಅವನು.

"ನಾ ಬರ್ತೀನಿ ಕಾಕಾ" ಅಂದ ಕುಂಬಾರ. "ದಿನಾ ತಿಗರಿ ತಿರುವಾವ ನಾ. ಇದೇನ್ ದೊಡ್ಡದು?"

"ನೀ ಜೋರು ತಿರವತಿ. ಹುರಿ ಹರೀತೈತಿ." ಅಂದು ಹಗ್ಗದವನು ತನ್ನ ಮನೆಗೆ ಹೋಗಿ, ಬಾಗಿಲು ಹಾಕಿಕೊಳ್ಳದೆ, ಚಾಪೆಯ ಮೇಲೆ ಬಿದ್ದ.

ಮರುದಿನ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದ. ಬಿಸಿಲು ಕಟ್ಟೆಗೆ ಬಂದಿತ್ತು. ಕಟ್ಟೆಯ ಮೇಲೆ ಅವನ ತುದಿ ಇತ್ತು, ಕುಂಬಾರ ಇಟ್ಟಲ್ಲೇ. ಅದನ್ನು ಮುಟ್ಟಲಿಲ್ಲ. ಅಂಗಳ ದಾಟಿ ಅವಳು ಕೂತಿದ್ದ ಜಾಗಕ್ಕೆ ಹೋದ. ಬಗ್ಗಿ ಮಣ್ಣಿನಿಂದ ಅವಳ ತುದಿ ಎತ್ತಿದ. ಕೊಡವಿದ. ಅದನ್ನು ಹಿಡಿದು ನಡೆದು ಬಂದು ತನ್ನ ತುದಿಯ ಮೇಲಿಟ್ಟ. ಮೂಲೆಗೆ ಮೂಲೆ ಸರಿಮಾಡಿದ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡು, ಕೆಳಗೆ ಬಿದ್ದಿದ್ದ ಮಡಿಕೆಯನ್ನು ಇನ್ನೊಂದು ಕೈಯಿಂದ ಎತ್ತಿಕೊಂಡ.